ಸುಪ್ತಮನಸ್ಸು ಮತ್ತು ಗಾಯನ: ಕುಮಾರ ಗಂಧರ್ವರ ಮುಂಬಯಿಯ ವರ್ಷಗಳು

ಕಾಳಿದಾಸನ ಶಾಕುಂತಲ ನಾಟಕದ ಐದನೆಯ ಅಂಕದ ಆರಂಭದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಅಂತಃಪುರದಲ್ಲಿ ಹಂಸಪದಿಕೆ ಹಾಡುತ್ತಿದ್ದಾಳೆ. ದುಷ್ಯಂತ ಅದನ್ನು ದೂರದಿಂದ ಕೇಳುತ್ತಾನೆ. ತನಗೆ ಪ್ರಿಯರಾದವರ ಅಗಲಿಕೆ ಏನೊಂದೂ ಇಲ್ಲದಿರುವಾಗ ತನ್ನ ಮನಸ್ಸೇಕೆ ಹೀಗೆ ಕಳವಳಗೊಂಡಿತೆಂದು ಅವನಿಗೆ ಬೆರಗಾಗುತ್ತದೆ. ಕೊನೆಗೆ, ಇದು ಹಿಂದಿನ ಜನ್ಮಗಳ ಸ್ನೇಹದ ನೆನಪಾಗಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಅಭಿನವಗುಪ್ತನು ರಸಾನುಭವವನ್ನು ವಿವರಿಸುವಾಗ ಈ ಪದ್ಯವನ್ನು ಎತ್ತಿಕೊಂಡಿರುವುದನ್ನು ಕಾವ್ಯಮೀಮಾಂಸೆಯ ಅಭ್ಯಾಸಿಗಳು ಬಲ್ಲರು.

ಈ ಪ್ರಸಂಗದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಅರಿವಿಗೆ ಬಾರದ ನೆನಪೊಂದನ್ನು ನಾದವು ಕಲಕಿತೆಂಬುದು ಒಂದು. ಆ ಕಲಕಿಗೆ ಅರಸನು ಕಟ್ಟಿಕೊಂಡ ಕಾರಣ ಇನ್ನೊಂದು. ಕಲಕಿದ್ದು ನಿಜ. ಆದರೆ ಕಾರಣ ಮಾತ್ರ ಅವನ ಕಾಲದ, ಅವನ ಮನೆತನದ ನಂಬಿಕೆಯಿಂದ ಬಂದದ್ದು. ಅವನು ಮರೆತದ್ದು ಪೂರ್ವಜನ್ಮದ್ದಲ್ಲ, ನಿನ್ನೆ ಮೊನ್ನೆಯದು, ಕಣ್ವಾಶ್ರಮದ್ದು ಎಂಬುದು ನೋಟಕರಾದ ನಮಗೆಲ್ಲ ಗೊತ್ತಿದೆ. ಗಾಯನ ಮತ್ತು ಸುಪ್ತಮನಸ್ಸು ಇವೆರಡರ ಸಂಬಂಧವನ್ನು ವಿಚಾರಿಸುವವರು ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿಟ್ಟುಕೊಳ್ಳುವುದು ಅಗತ್ಯ. ನಮ್ಮ ಮುಂಬಯಿಯ ಸಂಗೀತಚರಿತ್ರೆಯಲ್ಲಿ, ಅದರಲ್ಲಿಯೂ ಕನ್ನಡಿಗರಾದ ನಾವು ಅಭಿಮಾನದಿಂದ ನೆನೆಯುವ ಒಂದು ಜೀವನದಲ್ಲಿ, ಇವೆರಡೂ ಮತ್ತೆ ಮತ್ತೆ ಬೆರೆತುಹೋಗಿವೆ. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ಮಾತು. ಅರಿವಿನ ಕೆಳಗೆ ಉಳಿದುಕೊಂಡು ಸಮಯ ಬಂದಾಗ ತಲೆಯೆತ್ತುವ ಮುದ್ರೆಗಳನ್ನು ನಮ್ಮ ಯೋಗಶಾಸ್ತ್ರವು ಸಂಸ್ಕಾರ, ವಾಸನೆ ಎಂಬ ಹೆಸರುಗಳಿಂದ ಕರೆಯಿತು. ಸ್ಮೃತಿಗೂ ಸಂಸ್ಕಾರಕ್ಕೂ ಸ್ವರೂಪದಲ್ಲಿ ಭೇದವಿಲ್ಲವೆಂದು ಪತಂಜಲಿಯ ನಾಲ್ಕನೆಯ ಪಾದ ಹೇಳುತ್ತದೆ. ಪಶ್ಚಿಮದಲ್ಲಿ ಫ್ರಾಯ್ಡ್ ಮಹಾಶಯನ ಸ್ವಪ್ನವಿಚಾರ 1900ರಲ್ಲಿ ಬೆಳಕು ಕಂಡಿತು. ಕಲಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಮನೋವಿಶ್ಲೇಷಣೆಯ ಸಂಘವನ್ನು ಸ್ಥಾಪಿಸಿದರು. ಮುಂಬಯಿಗೆ ಆ ವಿದ್ಯೆ ಅಡ್ಡದಾರಿಯಿಂದ ಬಂದಿತು: ಇಟಲಿಯ ಜನಾಂಗದ್ವೇಷದ ಕಾನೂನುಗಳಿಂದ ತಪ್ಪಿಸಿಕೊಂಡು ಎಮಿಲಿಯೊ ಸೆರ್ವಾದಿಯೊ ಎಂಬ ವಿದ್ವಾಂಸನು 1938ರಲ್ಲಿ ಇಲ್ಲಿಗೆ ಬಂದು ಯುದ್ಧ ಮುಗಿಯುವವರೆಗೂ ಈ ದೇಶದಲ್ಲಿಯೇ ಇದ್ದನು. ಕನ್ನಡದಲ್ಲಿ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ವಾಚಕರಿಗೆ ನೆನಪಿರಬಹುದು. ಇನ್ನು ಫ್ಲೋರಾ ಫೌಂಟನ್ ಬಳಿ ಕಾಲುದಾರಿಯ ಮೇಲೆ ಹರಡಿಟ್ಟ ಪುಸ್ತಕಗಳಲ್ಲಿ, ಸುಪ್ತಮನಸ್ಸಿನ ಶಕ್ತಿಯಿಂದ ಹಣ, ಆರೋಗ್ಯ, ಬಡತಿ ಎಲ್ಲವನ್ನೂ ದೊರಕಿಸಿಕೊಡುವೆವೆಂಬ ಗ್ರಂಥಗಳೂ ಇವೆ. ಅವುಗಳ ಗೊಡವೆ ನಮಗೆ ಬೇಡ. ಕಲಿತೆನೆಂಬ ಅರಿವಿಲ್ಲದೆ ಒಳಗೆ ಇಳಿದು, ನೆನೆಯದೆಯೇ ಹೊರಗೆ ಬರುವ ಕಲಿಕೆ ಎಂಬ ಸರಳವಾದ ಅರ್ಥದಲ್ಲಿ ಮಾತ್ರ ಸುಪ್ತಮನಸ್ಸು ಎಂಬ ಪದವನ್ನು ಇಲ್ಲಿ ಬಳಸಿದೆ.

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನು 1924ರ ಏಪ್ರಿಲ್ 8ರಂದು ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ಜನಿಸಿದನು. ವೀರಶೈವ ಮನೆತನ, ತಂದೆ ಸಂಗೀತಪ್ರಿಯರು. ಹುಡುಗ ಐದಾರು ವರ್ಷದವನಾಗುವ ತನಕ ಹಾಡಿದವನೇ ಅಲ್ಲವೆಂದೂ, ಕುಂದಗೋಳದ ಸವಾಯಿ ಗಂಧರ್ವರ ಬೈಠಕಿಗೆ ಹೋಗಿಬಂದವನು ತಾನು ಕೇಳಿದ ಚೀಜನ್ನು ತಾನುಗಳ ಸಮೇತ ಯಥಾವತ್ತಾಗಿ ಹಾಡಿಬಿಟ್ಟನೆಂದೂ ಹೇಳುತ್ತಾರೆ. ಇಂಥ ಕಥೆಗಳಿಗೆ ಕಾಲಕ್ರಮದಲ್ಲಿ ಬಣ್ಣ ಏರುವುದು ಸಹಜವಾದರೂ, ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ ಕೇಳಿ ಆ ಕಾಲದ ಹಿರಿಯ ಗವಾಯಿಗಳನ್ನು ಹೋಲುವಂತೆ ಈ ಹುಡುಗ ಹಾಡುತ್ತಿದ್ದನೆಂಬುದರಲ್ಲಿ ಸಂಶಯವಿಲ್ಲ. ಏಳನೆಯ ವಯಸ್ಸಿಗೆ ವೀರಶೈವ ಮಠವೊಂದರ ಸ್ವಾಮಿಗಳು ಅವನಿಗೆ ‘ಕುಮಾರ ಗಂಧರ್ವ’ ಎಂದು ಹೆಸರಿಟ್ಟರು. ಆ ಬಿರುದು ಕೊನೆಗೆ ಹುಟ್ಟುಹೆಸರನ್ನೇ ನುಂಗಿತು.

ಹಾಡಿದ್ದನ್ನು ಹುಡುಗನಿಗೆ ಯಾರೂ ಕಲಿಸಿರಲಿಲ್ಲ. ಇಂಥ ರಾಗ, ಇಂಥ ಸ್ವರ ಎಂಬ ಜ್ಞಾನವೂ ಅವನಿಗಿರಲಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು? ದುಷ್ಯಂತನ ಉತ್ತರವನ್ನೇ ಊರೂರ ಜನ ಕೊಟ್ಟರು: ಪೂರ್ವಜನ್ಮದ ಸಂಸ್ಕಾರ, ಗಂಧರ್ವಾಂಶ. ಈ ನಂಬಿಕೆಯನ್ನು ನಾವು ಹಗುರಾಗಿ ಕಾಣಬೇಕಾಗಿಲ್ಲ. ಏಕೆಂದರೆ ನಂಬಿಕೆಯೂ ಕೆಲಸ ಮಾಡುತ್ತದೆ. ಗಂಧರ್ವಾಂಶವೆಂದ ಮೇಲೆ ಅವನಿಗೆ ಪಾಠವೇತಕ್ಕೆ? ಜನ ನೋಡಬೇಕು, ಕೇಳಬೇಕು, ಬೆರಗಾಗಬೇಕು. ತಂದೆ ಹುಡುಗನನ್ನು ಕರೆದುಕೊಂಡು ಊರಿಂದೂರಿಗೆ ಕಾರ್ಯಕ್ರಮಗಳನ್ನು ನಡೆಸಿದರು. ಬಾಲಪ್ರತಿಭೆಗಳ ಕಥೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ: ಗಂಟಲು ಒಡೆಯುವ ವಯಸ್ಸು ಬರುತ್ತದೆ, ಬೆರಗು ಇಳಿಯುತ್ತದೆ, ಮುಂದೆ ಹೆಸರು ಕೇಳಬರುವುದಿಲ್ಲ.

ಈ ಹುಡುಗನಿಗೆ ಹಾಗಾಗದಿರಲು ಮುಂಬಯಿ ಕಾರಣ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು 1956ರ ಏಕೀಕರಣದವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವೆಂಬುದನ್ನು ಇಂದಿನ ತರುಣರಿಗೆ ಒತ್ತಿ ಹೇಳಬೇಕಾಗಿದೆ. ಸುಳೇಭಾವಿಯವರಿಗೆ ಮೈಸೂರು ಪರರಾಜ್ಯ, ಮುಂಬಯಿ ರಾಜಧಾನಿ. ಧ್ವನಿಮುದ್ರಣದ ಕಂಪನಿಗಳು, ದೊಡ್ಡ ಸಂಗೀತ ಪರಿಷತ್ತುಗಳು, ಮುಂದೆ ಆಕಾಶವಾಣಿ ಎಲ್ಲವೂ ಇಲ್ಲಿದ್ದವು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ಪ್ರೊ. ಬಿ. ಆರ್. ದೇವಧರರು 1925ರಲ್ಲಿ ಸ್ಥಾಪಿಸಿದ ‘ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್’ ಒಪೆರಾ ಹೌಸಿನ ಪರಿಸರದಲ್ಲಿ ನಡೆಯುತ್ತಿತ್ತು. 1936ರ ಸುಮಾರಿಗೆ ಹನ್ನೊಂದು ಹನ್ನೆರಡು ವರ್ಷದ ಕುಮಾರ ಅಲ್ಲಿ ಸೇರಿದನು. ಅದೇ ವರ್ಷ ಕಾಂಗ್ರೆಸ್ ಹೌಸ್ ಆವರಣದ ಜಿನ್ನಾ ಹಾಲಿನಲ್ಲಿ ಅವನು ಹಾಡಿದ್ದು ಮುಂಬಯಿಯ ರಸಿಕರ ನೆನಪಿನಲ್ಲಿ ಬಹುಕಾಲ ಉಳಿಯಿತು.

ದೇವಧರರು ಮಾಡಿದ ಕೆಲಸವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಬಾಯಿಗೆ ಬಂದದ್ದನ್ನು ಬುದ್ಧಿಗೆ ತರುವುದು ಅವರ ಕೆಲಸವಾಗಿತ್ತು. ಹುಡುಗನೊಳಗೆ ಹತ್ತಾರು ಗವಾಯಿಗಳ ಕಂಠಗಳು ಸೇರಿಕೊಂಡಿದ್ದವು. ಅವನದೇ ಕಂಠ ಯಾವುದೆಂದು ಅವನಿಗೂ ತಿಳಿಯದು. ಇಂಥ ಶಿಷ್ಯ ಸಿಕ್ಕಾಗ ಒಂದೇ ಘರಾಣೆಯ ಗಂಡಾ ಕಟ್ಟಿ ಇನ್ನುಳಿದದ್ದನ್ನೆಲ್ಲ ಮರೆಸುವುದು ಆ ಕಾಲದ ಪದ್ಧತಿ. ದೇವಧರರು ಹಾಗೆ ಮಾಡಲಿಲ್ಲ. ಸ್ವತಃ ಗ್ವಾಲಿಯರ್ ಪರಂಪರೆಯವರಾದರೂ ನಾನಾ ಘರಾಣೆಗಳ ಕಲಾವಿದರು ಬಂದುಹೋಗುವ ಮನೆಯಾಗಿ ಶಾಲೆಯನ್ನು ಬೆಳೆಸಿದರು. ಕಂಠಸಂಸ್ಕಾರದ ಶಾಸ್ತ್ರವನ್ನು ಅಭ್ಯಾಸಮಾಡಿದ್ದರು. ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರಾಗಿದ್ದರು. ಭೇಂಡಿ ಬಜಾರ್ ಪರಂಪರೆಯ ಅಂಜನಿಬಾಯಿ ಮಾಲಪೇಕರರಲ್ಲಿಯೂ ಕುಮಾರರು ಕಲಿತರು. ಹಿಂದೆ ಸುಮ್ಮನೆ ಒಳಗಿಳಿದದ್ದು ಈಗ ಹೆಸರು ಪಡೆಯಿತು: ಇದು ಆಗ್ರಾದ ಬೋಲ್‌ತಾನ್, ಇದು ಕಿರಾಣೆಯ ಸ್ವರ ಹಚ್ಚುವ ರೀತಿ, ಇದು ಗ್ವಾಲಿಯರಿನ ನಡೆ. ಇಪ್ಪತ್ತು ತುಂಬುವ ಮೊದಲೇ ಕುಮಾರರು ಅದೇ ಶಾಲೆಯಲ್ಲಿ ಇತರರಿಗೆ ಕಲಿಸತೊಡಗಿದ್ದರು. ಇನ್ನೊಬ್ಬರಿಗೆ ಕಲಿಸುವಾಗಲೇ ತನ್ನೊಳಗೆ ಏನಿದೆಯೆಂಬುದು ಮನುಷ್ಯನಿಗೆ ತಿಳಿಯುತ್ತದೆ. ಬ್ಯಾಂಕಿನಲ್ಲಿ ಹೊಸಬರಿಗೆ ಕೆಲಸ ತೋರಿಸಿದವರೆಲ್ಲ ಇದನ್ನು ಒಪ್ಪಿಯಾರು.

ಕೆಳಮನಸ್ಸಿನ ಕಲಿಕೆಯ ಬಗ್ಗೆ ಇಂದಿನ ವಿಜ್ಞಾನ ಏನು ಹೇಳುತ್ತದೆಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ರೂಢಿಯಾದ ಕೆಲಸ ಮನಸ್ಸಿನ ಗಮನವನ್ನು ಬೇಡುವುದಿಲ್ಲವೆಂದು ವಿಲಿಯಂ ಜೇಮ್ಸ್ 1890ರಲ್ಲಿಯೇ ಬರೆದನು. ಕೆನಡಾದ ಬ್ರೆಂಡಾ ಮಿಲ್ನರ್ ಅವರು, ಶಸ್ತ್ರಚಿಕಿತ್ಸೆಯಿಂದ ಹೊಸ ನೆನಪುಗಳನ್ನು ಇಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡ ರೋಗಿಯೊಬ್ಬನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರ ಬರೆಯುವ ಅಭ್ಯಾಸ ಕೊಟ್ಟರು. ದಿನದಿನಕ್ಕೆ ಅವನ ಕೈ ಪಳಗಿತು; ಆದರೆ ಹಿಂದಿನ ದಿನ ಅದನ್ನು ಮಾಡಿದ್ದೇ ಅವನಿಗೆ ನೆನಪಿರಲಿಲ್ಲ. ಇದು 1962ರಲ್ಲಿ ಪ್ರಕಟವಾದ ಸಂಗತಿ. ಕ್ಲೈವ್ ವೇರಿಂಗ್ ಎಂಬ ಆಂಗ್ಲ ಸಂಗೀತಗಾರನು 1985ರಲ್ಲಿ ಮಿದುಳಿನ ಸೋಂಕಿಗೆ ತುತ್ತಾಗಿ ಕ್ಷಣದ ಹಿಂದಿನದನ್ನೂ ಮರೆಯುವ ಸ್ಥಿತಿಗೆ ಬಂದನು; ಆದಾಗ್ಯೂ ಪಿಯಾನೋದ ಮುಂದೆ ಕುಳಿತರೆ ಅವನ ಬೆರಳುಗಳು ದಾರಿ ತಪ್ಪುತ್ತಿರಲಿಲ್ಲ. ಬುದ್ಧಿಯ ನೆನಪು ಬೇರೆ, ಕೈ ಕಂಠಗಳ ನೆನಪು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 2008ರಲ್ಲಿ ಅಮೆರಿಕೆಯ ಚಾರ್ಲ್ಸ್ ಲಿಂಬ್ ಮತ್ತು ಅಲನ್ ಬ್ರೌನ್ ಎಂಬವರು ಆರು ಮಂದಿ ಜಾಝ್ ವಾದಕರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ ನುಡಿಸಹಚ್ಚಿದರು. ಪಾಠವಾದದ್ದನ್ನು ನುಡಿಸುವಾಗಿನದಕ್ಕೆ ಹೋಲಿಸಿದರೆ, ಮನೋಧರ್ಮದಿಂದ ನುಡಿಸುವಾಗ ತನ್ನನ್ನು ತಾನು ಕಾಯ್ದು ತಿದ್ದಿಕೊಳ್ಳುವುದಕ್ಕೆ ಸಂಬಂಧಪಟ್ಟ ಮಿದುಳಿನ ಮುಂಭಾಗಗಳ ಚಟುವಟಿಕೆ ಇಳಿದಿತ್ತು. ನಮ್ಮ ಗವಾಯಿಗಳು ರಿಯಾಜಿನಲ್ಲಿ ಬುದ್ಧಿ ಇರಲಿ, ಮೈಫಿಲಿನಲ್ಲಿ ಅದನ್ನು ಬಿಟ್ಟುಬಿಡು ಎನ್ನುವುದರ ಅರ್ಥ ಇದೇ ಆಗಿರಬಹುದು. ಆರೇ ಮಂದಿಯ ಮೇಲೆ ನಡೆದ, ಅದೂ ಬೇರೊಂದು ಪದ್ಧತಿಯ ಸಂಗೀತದ ಪರೀಕ್ಷೆಯ ಮೇಲೆ ಇದಕ್ಕಿಂತ ದೊಡ್ಡ ಮಾಳಿಗೆ ಕಟ್ಟುವುದು ತರವಲ್ಲ.

ಈ ಅರಿಯದ ಕಲಿಕೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಬಲ್ಲವರಾಗಿದ್ದರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿಯನ್ನು ಕಲಿಯತೊಡಗಿದಾಗ ತನ್ನ ಹಾಡಿಕೆಯ ಛಾಯೆ ಅವಳ ಕಂಠದಲ್ಲಿ ಇಳಿಯಬಾರದೆಂದು ಆ ತಾಯಿ ತನ್ನ ಸಂಗೀತವನ್ನೇ ಬಿಟ್ಟುಕೊಟ್ಟರೆಂದು ಗಂಗೂಬಾಯಿಯವರು ಹೇಳಿಕೊಂಡಿದ್ದಾರೆ. ಮನೆಯಲ್ಲಿ ಸುಮ್ಮನೆ ಕಿವಿಗೆ ಬೀಳುವುದು ಕೂಡ ಪಾಠವಾಗಿ ಕೂಡುತ್ತದೆಂಬ ತಿಳಿವಳಿಕೆ ಇಲ್ಲದಿದ್ದರೆ ಇಂಥ ತ್ಯಾಗ ನಡೆಯುತ್ತಿರಲಿಲ್ಲ. ಗದಗಿನ ಅಂಗಡಿಯೊಂದರಲ್ಲಿ ಕೇಳಿಬಂದ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯಾದರೋ ಹನ್ನೊಂದರ ಹರೆಯದ ಭೀಮಸೇನ ಜೋಶಿಯವರನ್ನು 1933ರಲ್ಲಿ ಮನೆ ಬಿಟ್ಟು ಓಡಿಸಿತು.

ಮುಂಬಯಿಯ ವರ್ಷಗಳು ಕುಮಾರರಿಗೆ ಕೀರ್ತಿಯನ್ನು ತಂದವು. 1947ರಲ್ಲಿ ವಿವಾಹವೂ ಆಯಿತು. ಪತ್ನಿ ಭಾನುಮತಿಯವರು ದೇವಧರರ ಶಾಲೆಯ ಸಹವಾಸಿಯೇ. ಅಷ್ಟರಲ್ಲಿಯೇ ಕ್ಷಯ ಕಾಣಿಸಿಕೊಂಡಿತು. ಹಾಡುತ್ತ ಹಾಡುತ್ತ ರಾಗ, ಉಗುಳುತ್ತ ಉಗುಳುತ್ತ ರೋಗ ಎಂಬ ನಮ್ಮ ಗಾದೆಯ ಎರಡು ಅರ್ಧಗಳೂ ಒಬ್ಬ ಮನುಷ್ಯನ ಪಾಲಿಗೆ ಒಟ್ಟಿಗೆ ಬಂದವು. 1948ರ ಜನವರಿಯಲ್ಲಿ ಅವರು ಒಣಹವೆಯ ಊರೆಂದು ಮಾಳವದ ದೇವಾಸಕ್ಕೆ ಹೋದರು. ವೈದ್ಯರು ಹಾಡುವುದನ್ನು ನಿಷೇಧಿಸಿದ್ದರು. ಭಾನುಮತಿಯವರು ಶಾಲೆಯಲ್ಲಿ ಕಲಿಸಿ ಸಂಸಾರವನ್ನೂ ರೋಗಿಯನ್ನೂ ನೋಡಿಕೊಂಡರು. ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧಿಯಿಂದ 1952ರ ಹೊತ್ತಿಗೆ ಗುಣವಾಯಿತಾದರೂ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದೆ ಹೋಗಿತ್ತು. 1953ರಲ್ಲಿ ಅವರು ಮರಳಿ ಸಭೆಯ ಮುಂದೆ ಕುಳಿತು ಹಾಡಿದರು. ಕೇಳಿದವರಿಗೆ ಹಳೆಯ ಕುಮಾರ ಗಂಧರ್ವ ಸಿಗಲಿಲ್ಲ.

ನಡುವಿನ ಐದಾರು ವರ್ಷಗಳಲ್ಲಿ ಏನಾಯಿತು? ಬಾಲ್ಯದಿಂದ ಒಂದು ದಿನವೂ ಬಿಡುವಿಲ್ಲದೆ ಹಾಡಿದ ಕಂಠ ಸುಮ್ಮನಾಯಿತು. ಕಿವಿ ಮಾತ್ರ ಉಳಿಯಿತು. ಹಾಸಿಗೆಯಲ್ಲಿ ಮಲಗಿದ್ದವರಿಗೆ ಹಕ್ಕಿಯ ದನಿ, ಗಾಳಿಯ ಸದ್ದು, ಸುತ್ತಲಿನ ಹೆಂಗಸರ ಮಾಳವೀ ಹಾಡುಗಳು, ಬೀದಿಯಲ್ಲಿ ಹಾಡುತ್ತ ಹೋಗುವ ಭಿಕ್ಷುಕರ ಪದಗಳು ಕೇಳಿಬಂದವು. ಎದ್ದ ಮೇಲೆ ಆ ಹಾಡುಗಳನ್ನು ಸಂಗ್ರಹಿಸಿ ಸ್ವರ ಹಾಕಿದರು. ರಾಗವೆಂಬುದು ಲೋಕದ ಧಾಟಿಯಿಂದ ಹುಟ್ಟಿದ್ದೆಂಬ ಅವರ ಸಿದ್ಧಾಂತ ಇಲ್ಲಿಂದ ಹೊರಟಿತು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ, ಮಧಸುರಜಾ ಮುಂತಾದ ‘ಧುನ್ ಉಗಮ’ ರಾಗಗಳು ಈ ದಾರಿಯಲ್ಲಿ ಬಂದವು. ಅವರ ರಚನೆಗಳ ಸಂಗ್ರಹ ‘ಅನೂಪರಾಗವಿಲಾಸ’ 1965ರಲ್ಲಿ ಪ್ರಕಟವಾಯಿತು.

ಅವರ ಹೊಸ ಗಾಯನದಲ್ಲಿ ಚಿಕ್ಕ ಚಿಕ್ಕ ಸ್ವರವಾಕ್ಯಗಳು, ಅವುಗಳ ನಡುವೆ ನಿಶ್ಶಬ್ದ, ಥಟ್ಟನೆ ಎತ್ತರಿಸಿ ತಟ್ಟನೆ ಇಳಿಸುವ ದನಿ ಇವು ಎದ್ದು ಕಾಣುತ್ತವೆ. ಇದೆಲ್ಲ ಉಸಿರಿನ ಕೊರತೆಯ ಫಲವೆನ್ನುವ ಟೀಕಾಕಾರರುಂಟು. ನನಗೆ ಇದು ಅರ್ಧ ವಿವರಣೆಯಾಗಿ ತೋರುತ್ತದೆ. ಉಸಿರಿನ ಕೊರತೆಯಿಂದ ವಾಕ್ಯ ತುಂಡಾಗಬಹುದು. ಆದರೆ ತುಂಡಾದದ್ದು ಅರ್ಥಪೂರ್ಣವಾಗಬೇಕಾದರೆ ಬೇರೆ ಏನಾದರೂ ಬೇಕು. ಆ ನಂತರದ ಧ್ವನಿಮುದ್ರಣಗಳಲ್ಲಿಯೂ ಚುರುಕಾದ ತಾನುಗಳಿಗೆ ಕಡಮೆಯಿಲ್ಲ. ಅಲ್ಲಾದಿಯಾ ಖಾನರ ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಅಮ್ಲೇಟಾ ಸಂಸ್ಥಾನದಲ್ಲಿದ್ದಾಗ ಅತಿಯಾಗಿ ಹಾಡಿ ಅವರ ದನಿ ಹೋಯಿತು. ಮರಳಿ ಬಂದ ಒರಟು ದನಿಗೆ ತಕ್ಕುದಾಗಿ ಅವರು ಕಟ್ಟಿದ ಗಾಯಕಿಯೇ ಮುಂದೆ ಜಯಪುರ ಅತ್ರೌಲಿ ಘರಾಣೆಯೆಂದು ಮುಂಬಯಿಯಲ್ಲಿ ಬೇರೂರಿತು. ದೇಹ ಅಡ್ಡಿಮಾಡಿದಾಗ ಕಂಠ ತನ್ನ ರೂಢಿಯನ್ನು ಬಿಡಬೇಕಾಗುತ್ತದೆ. ರೂಢಿ ಬಿಟ್ಟಾಗ ಅದರಡಿ ಒತ್ತಿಕೊಂಡಿದ್ದ ಇತರ ಕೇಳ್ಮೆಗಳಿಗೆ ಎಡೆ ದೊರೆಯುತ್ತದೆ. ಇಬ್ಬರ ವಿಷಯದಲ್ಲಿಯೂ, ಹಿಂದೆ ಬುದ್ಧಿಪೂರ್ವಕವಾಗಿ ಕಲಿತದ್ದು ಅಪಾರವಾಗಿತ್ತೆಂಬುದನ್ನು ಮಾತ್ರ ಮರೆಯಬಾರದು. ಬರಿಯ ಮೌನದಿಂದ ರಾಗ ಹುಟ್ಟಿದ್ದಿಲ್ಲ.

ಇನ್ನು ನಂಬಿಕೆಯ ಪ್ರಶ್ನೆ. ದೇವಾಸದಲ್ಲಿ ಶೀಲನಾಥರೆಂಬ ನಾಥಯೋಗಿಯ ಧುನಿಯಿದೆ. ಅಲ್ಲಿ ಬಂದು ಹೋಗುವ ಜೋಗಿಗಳು ಹಾಡುವ ನಿರ್ಗುಣಿ ಭಜನೆಗಳನ್ನು ಕುಮಾರರು ಕೇಳಿದರು. ಕಬೀರನನ್ನೂ ಗೋರಖನಾಥನನ್ನೂ ರಾಗಸಂಗೀತದ ವೇದಿಕೆಗೆ ತಂದರು. ನಿರ್ಗುಣವನ್ನು ಹಾಡುವವನು ತನ್ನ ಸುತ್ತ ಶೂನ್ಯವನ್ನು ನಿರ್ಮಿಸಿಕೊಳ್ಳಬೇಕೆಂಬುದು ಅವರ ವಿಚಾರವಾಗಿತ್ತು. ಅಮೆರಿಕೆಯ ವಿದುಷಿ ಲಿಂಡಾ ಹೆಸ್ ಅವರು 2009ರಲ್ಲಿ ಈ ಗಾಯನದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಶೂನ್ಯ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗನಾದವನಿಗೆ ಅಲ್ಲಮಪ್ರಭು ನೆನಪಾಗದಿರನು. ಈ ಮಾಟುಂಗಾ, ಮಾಹಿಮ್ ಕಡೆಯ ನಮ್ಮ ಸಭೆಗಳಲ್ಲಿ ಒಂದು ವಾದವನ್ನು ನಾನು ಹಲವು ಸಲ ಕೇಳಿದ್ದೇನೆ: ವೀರಶೈವ ಮನೆಯಲ್ಲಿ ಹುಟ್ಟಿದ ಮಗು, ತೊಟ್ಟಿಲಲ್ಲಿಯೇ ವಚನ ಕಿವಿಗೆ ಬಿದ್ದಿರಬೇಕು, ಅದು ಸುಪ್ತವಾಗಿ ಉಳಿದು, ಮಾಳವದಲ್ಲಿ ಕಬೀರನ ವೇಷದಲ್ಲಿ ಎದ್ದುಬಂದಿತು, ಆದುದರಿಂದ ಕುಮಾರ ಗಂಧರ್ವರ ನಿರ್ಗುಣ ಗಾಯನವು ಮೂಲತಃ ಕನ್ನಡದ್ದು. ಕೇಳಲು ಹಿತವಾದ ವಾದ. ಪರಸ್ಥಳದಲ್ಲಿರುವ ನಮಗೆ ಇಂಥವು ಇನ್ನಷ್ಟು ಹಿತ. ಹನ್ನೊಂದರ ವಯಸ್ಸಿನಲ್ಲಿ ಊರು ಬಿಟ್ಟು, ಮರಾಠಿ ಹಿಂದಿಗಳ ನಡುವೆ ಬಾಳಿ, ಮಾಳವದ ಮಣ್ಣಿನಲ್ಲಿ 1992ರ ಜನವರಿ 12ರಂದು ಕಣ್ಣುಮುಚ್ಚಿದ ಒಬ್ಬ ದೊಡ್ಡ ಮನುಷ್ಯನನ್ನು ನಮ್ಮವನೆನ್ನಲು ನಮಗೆ ಬೇರೆ ದಾಖಲೆ ಸಾಲದಿರುವಾಗ ಸುಪ್ತಮನಸ್ಸು ಒದಗಿಬರುತ್ತದೆ.

ಇಪ್ಪತ್ತು ವರ್ಷ ಬ್ಯಾಂಕಿನ ಲೆಕ್ಕ ನೋಡಿದವನಿಗೆ ವೋಚರ್ ಇಲ್ಲದ ಜಮೆ ಕಂಡರೆ ಕೈ ನಿಲ್ಲುತ್ತದೆ. ಸುಪ್ತಮನಸ್ಸೆಂಬ ಖಾತೆಯ ಅನುಕೂಲವೂ ಅಪಾಯವೂ ಒಂದೇ: ಅದರಲ್ಲಿ ಯಾರು ಏನನ್ನು ಬೇಕಾದರೂ ಜಮಾ ಮಾಡಬಹುದು, ಖಾತೆದಾರನ ಸಹಿ ಬೇಕಿಲ್ಲ. ಸುಳೇಭಾವಿಯ ಮನೆಯಲ್ಲಿ ಯಾವ ವಚನವನ್ನು ಯಾವ ಧಾಟಿಯಲ್ಲಿ ಹಾಡುತ್ತಿದ್ದರು ಎಂಬುದನ್ನು ತೋರಿಸದೆ, ಆ ಧಾಟಿಯ ಜಾಡು ಕುಮಾರರ ಭಜನೆಯಲ್ಲಿ ಇಂಥಲ್ಲಿ ಕಾಣುತ್ತದೆಂದು ಬೆರಳಿಟ್ಟು ಹೇಳದೆ, ಈ ವಾದ ವಾದವೇ ಆಗುವುದಿಲ್ಲ. ಇದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಕದಲ್ಲಿ ವೋಚರುಗಳು ಬೇಕಾದಷ್ಟಿವೆ: ಧುನಿ ಇದೆ, ಹಾಡಿದ ಜೋಗಿಗಳ ಪರಂಪರೆ ಇದೆ, ಪದಗಳು ಮಾಳವದವು, ಅವು ಇಂದಿಗೂ ಅಲ್ಲಿನ ಹಳ್ಳಿಗಳಲ್ಲಿ ಜೀವಂತವಾಗಿವೆ. ಶೂನ್ಯವೂ ನಾಥರ ಮನೆಯ ಮಾತೇ. ಇಪ್ಪತ್ತೈದು ದಾಟಿದವನು ಕಣ್ಣು ತೆರೆದು ಕೇಳಿ ಕಲಿತದ್ದನ್ನು ತೊಟ್ಟಿಲ ನೆನಪೆಂದು ಹೇಳುವುದು ಅವನ ದುಡಿಮೆಗೆ ಮಾಡುವ ಅನ್ಯಾಯವೂ ಹೌದು. ಏಳು ವರ್ಷದ ಹುಡುಗನಿಗೆ ಗಂಧರ್ವಾಂಶ ಹಚ್ಚಿದವರು ಹೇಗೋ, ನಾವೂ ಹಾಗೆಯೇ. ಜನ್ಮಾಂತರದ ಜಾಗದಲ್ಲಿ ಜಾತಿ ಭಾಷೆಗಳನ್ನು ಇಟ್ಟಿದ್ದೇವೆ, ಅಷ್ಟೇ ವ್ಯತ್ಯಾಸ.

ಹಾಗೆಂದು ಶರಣರಿಗೂ ನಾಥರಿಗೂ ಸಂಬಂಧವಿಲ್ಲವೆಂದಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮನೂ ಗೋರಕ್ಷನೂ ಎದುರೆದುರು ನಿಂತು ವಾದಿಸುತ್ತಾರೆ. ವಜ್ರಕಾಯದ ಗೋರಕ್ಷನ ಮೈಗೆ ಹೊಡೆದ ಕತ್ತಿ ಖಣಿಲೆನ್ನುತ್ತದೆ. ಅಲ್ಲಮನ ಮೈಯಲ್ಲಿ ಅದು ಬಯಲಲ್ಲಿ ಸುಳಿದಂತೆ ಹಾದುಹೋಗುತ್ತದೆ. ಹದಿನೈದನೆಯ ಶತಮಾನದ ಕನ್ನಡ ಸಂಕಲನಕಾರರಿಗೆ ನಾಥರು ತಮ್ಮ ಮಾತಿಗೆ ಎದುರು ಮಾತಾಡಬಲ್ಲ ನೆರೆಯವರಾಗಿದ್ದರು. ಸಂಬಂಧವನ್ನು ಹುಡುಕಬೇಕಾದದ್ದು ಈ ದಾರಿಯಲ್ಲಿ: ಮಠಗಳಲ್ಲಿ, ಜೋಗಿಗಳ ಸಂಚಾರದಲ್ಲಿ, ಗ್ರಂಥಗಳಲ್ಲಿ. ಅದು ಶತಮಾನಗಳ ಚರಿತ್ರೆಯ ವಿಷಯ. ಒಂದು ಮಗುವಿನ ತಲೆಯೊಳಗೆ ಅದನ್ನು ತುರುಕಲಾಗದು.

ಹೋಲಿಕೆಗೆ ಮಲ್ಲಿಕಾರ್ಜುನ ಮನಸೂರರನ್ನು ನೋಡೋಣ. ಅವರೂ ಮುಂಬಯಿಗೆ ಬಂದು ಅಲ್ಲಾದಿಯಾ ಖಾನರ ಮಗ ಮಂಜೀ ಖಾನರಲ್ಲಿ ಕಲಿತವರು. 1937ರಲ್ಲಿ ಮಂಜೀ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜೀ ಖಾನರಲ್ಲಿ ಮುಂದುವರಿಸಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರ ಭಕ್ತಿ, ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದ ಅವರ ಕೆಲಸ, ಎಲ್ಲವೂ ಬಹಿರಂಗವಾದವು. ‘ನನ್ನ ರಸಯಾತ್ರೆ’ ಎಂದು ತಮ್ಮ ಕಥೆಯನ್ನು ತಾವೇ ಬರೆದಿಟ್ಟಿದ್ದಾರೆ. ಇಲ್ಲಿ ನಂಬಿಕೆ ಗಾಯನವನ್ನು ರೂಪಿಸಿತೆಂದು ಹೇಳಲು ನಾವು ಕೆಳಮನಸ್ಸಿಗೆ ಇಳಿಯಬೇಕಾದ ಅಗತ್ಯವೇ ಇಲ್ಲ. ಹಾಡಿದವರೇ ಸಹಿ ಮಾಡಿ ಕೊಟ್ಟಿದ್ದಾರೆ. ಆದರೆ ಅವರ ಜಯಪುರ ಗಾಯಕಿಯ ತಾನುಗಳು ಒಂದರೊಳಗೊಂದು ಹೆಣೆದು ಸಾಗುವಾಗ, ಮುಂದಿನ ಸ್ವರ ಯಾವುದೆಂದು ಅವರು ಯೋಚಿಸಿ ಹಾಡುತ್ತಿದ್ದರೆಂದು ಯಾರೂ ಹೇಳಲಾರರು. ಸುಪ್ತಮನಸ್ಸಿನ ನಿಜವಾದ ಕ್ಷೇತ್ರ ಅದು.

ನಂಬಿಕೆಯಿಂದ ಹಾಡು ಹುಟ್ಟುವಂತೆ ಹಾಡಿನಿಂದ ನಂಬಿಕೆ ಹುಟ್ಟುವುದೂ ಉಂಟು. ಉಪನಗರದ ರೈಲುಗಳಲ್ಲಿ ಬೆಳಗಿನ ಹೊತ್ತು ತಾಳ ಹಿಡಿದು ಭಜನೆಮಾಡುವ ಮಂಡಳಿಗಳನ್ನು ನಾವೆಲ್ಲ ಕಂಡಿದ್ದೇವೆ. ಬಾಗಿಲ ಬಳಿ ನಿಂತವರಲ್ಲಿ ಕೆಲವರು ಮೊದಲು ಬೇಸರಪಡುತ್ತಾರೆ. ವರ್ಷ ಕಳೆಯುವುದರೊಳಗೆ ಅವರ ತುಟಿಗಳೂ ಅಲುಗುತ್ತಿರುತ್ತವೆ. ಅಭಂಗದ ಅರ್ಥ ತಿಳಿಯದ ನಮ್ಮ ಕನ್ನಡದ ಮಿತ್ರರೊಬ್ಬರು ದಾದರ್ ಬರುವತನಕ ವಿಠಲನನ್ನು ಕರೆಯುವುದನ್ನು ನಾನೇ ನೋಡಿದ್ದೇನೆ. ಕುಮಾರರ ವಿಷಯದಲ್ಲಿಯೂ ಕಬೀರನ ದರ್ಶನ ಮೊದಲು ಬಂತೋ, ಆ ಜೋಗಿಗಳ ದನಿಯ ಒಂಟಿತನ ಮೊದಲು ಹಿಡಿಯಿತೋ ಎಂದು ಕೇಳಿದರೆ, ಗಾಯಕನಾದವನಿಗೆ ದನಿಯೇ ಮೊದಲೆಂದು ನಾನು ಊಹಿಸುತ್ತೇನೆ.

ಹಾಗಾದರೆ ಬಾಲ್ಯದ ಕನ್ನಡದ ಕೇಳ್ಮೆ ಅವರ ಗಾಯನದಲ್ಲಿ ಏನೂ ಉಳಿಯಲಿಲ್ಲವೇ? 1984ರಲ್ಲಿ ಕ್ಯಾಸ್ಟೆಲಾನೊ, ಭರೂಚಾ ಮತ್ತು ಕ್ರುಮಹಾನ್ಸಲ್ ಎಂಬ ಮೂವರು ಹಿಂದುಸ್ತಾನಿ ರಾಗಗಳ ಬಗೆಗೆ ನಡೆಸಿದ ಪರೀಕ್ಷೆಯಲ್ಲಿ, ಸ್ವರಗಳ ಪ್ರಾಧಾನ್ಯವನ್ನು ಪಾಶ್ಚಾತ್ಯ ಶ್ರೋತೃಗಳೂ ಗುರುತಿಸಿದರು. ಆದರೆ ಥಾಟಿನ ಒಳಗಿನ ಸಂಬಂಧ ಗೋಚರವಾದದ್ದು ಭಾರತೀಯರಿಗೆ ಮಾತ್ರ. ಎಳೆಯಂದಿನ ಕೇಳ್ಮೆ ಕಿವಿಯನ್ನು ರೂಪಿಸುತ್ತದೆಂಬುದು ಸರಿಯೇ. ಆದುದರಿಂದ ಪ್ರಶ್ನೆಯನ್ನು ಮುಚ್ಚಬೇಕಾಗಿಲ್ಲ, ಸರಿಯಾದ ಜಾಗದಲ್ಲಿ ಕೇಳಬೇಕು. ಕುಮಾರರು ಬಾಲ್ಯ ಯೌವನಗಳಲ್ಲಿ ಕೊಟ್ಟ ಧ್ವನಿಮುದ್ರಿಕೆಗಳಿವೆ. ದೇವಾಸದ ನಂತರದ ಧ್ವನಿಮುದ್ರಣಗಳೂ ವಿಪುಲವಾಗಿವೆ. ಹಳೆಯ ತಟ್ಟೆಗಳ ಸಂಗ್ರಾಹಕರು ಸೇರಿ 1990ರಲ್ಲಿ ಕಟ್ಟಿದ ಸಂಘವೂ ಈ ಮುಂಬಯಿಯಲ್ಲಿಯೇ ಇದೆ. ಬೆಳಗಾವಿ ಸೀಮೆಯ ಹೆಂಗಸರ ಬೀಸುವ ಪದ, ಸೋಬಾನೆ, ಮಠದ ಭಜನೆಯ ಧಾಟಿಗಳನ್ನು ಬಲ್ಲ ಒಬ್ಬರು, ಸ್ವರಲಿಪಿ ಬಲ್ಲ ಇನ್ನೊಬ್ಬರು ಒಟ್ಟಿಗೆ ಕುಳಿತು ಈ ಎರಡು ಕಾಲದ ಗಾಯನಗಳನ್ನು ಒಂದೊಂದಾಗಿ ಕೇಳಿ ಹೋಲಿಸುವ ಕೆಲಸ ಒಂದೆರಡು ವರ್ಷದ್ದು. ಮುದ್ರಿಕೆಗಳ ಒಂದು ಮುಖ ಮೂರು ಮೂರೂವರೆ ನಿಮಿಷದ್ದು. ಬ್ಯಾಂಕು, ಕಚೇರಿಗಳ ರಜಾದಿನಗಳಲ್ಲಿಯೂ ಅದನ್ನು ಆರಂಭಿಸಬಹುದು.